ಒಂದು ಮಿಲಿಮೀಟರ್

ಬಹಳ ಬಹಳ ಕಾಲದ ಹಿಂದೆ, ಅಂದರೆ ಹೋದ ವಾರದ ಸೋಮವಾರ, ಒಬ್ಬ ಮೆಕ್ಯಾನಿಕ್ ತನ್ನ ಹೆಂಡತಿಯ ತಂಗಿಗೆ ಒಂದು ಮಾತು ಕೊಟ್ಟ. ಅವಳ ಎಟಿವಿಯ, ಅಂದರೆ ಮರಳಲ್ಲಿ ಓಡುವ ನಾಲ್ಕು ಚಕ್ರದ ಬೈಕಿನ, ಟೂ-ಸ್ಟ್ರೋಕ್ ಸಿಲಿಂಡರಿನಲ್ಲಿ ಹೊಗೆ ಹೊರಬೀಳುವ ಕಿಂಡಿಯನ್ನು ಒಂದೇ ಒಂದು ಮಿಲಿಮೀಟರ್ ಮೇಲಕ್ಕೆ ಕೊರೆದು ಕೊಡುತ್ತೇನೆ, ಆಮೇಲೆ ನೋಡು, ಗಾಡಿ ಮರಳು ದಿಬ್ಬವನ್ನು ಉಸಿರು ಕಟ್ಟದೆ ನೆತ್ತಿಯವರೆಗೂ ಹತ್ತುತ್ತದೆ ಎಂದ. ಬುಧವಾರದೊಳಗೆ ಕೊಡುವುದಾಗಿಯೂ ಹೇಳಿದ. ಯಾವ ಬುಧವಾರ ಎಂದು ಅವಳು ಕೇಳಲಿಲ್ಲ. ಅದು ಅವಳ ತಪ್ಪು.

ಈಗ ಶುಕ್ರವಾರ, ಹನ್ನೊಂದು ದಿನ ಕಳೆದಿವೆ. ಭಾನುವಾರ ದಿಬ್ಬ ಹತ್ತುವ ಓಟ. ಹೋದ ವರ್ಷ ಮುಕ್ಕಾಲು ಹತ್ತಿ ಉರುಳಿದವಳಿಗೆ ಈ ಸಲ ನೆತ್ತಿ ಮುಟ್ಟಲೇಬೇಕಿತ್ತು. ನಾಳೆ ಎಂಜಿನ್ ಜೋಡಿಸಿ ಓಡಿಸಿ ನೋಡಬೇಕೆಂದರೆ ಸಿಲಿಂಡರ್ ಇವತ್ತೇ ಕೈಗೆ ಬರಬೇಕು. ಏಳು ಸಮುದ್ರದಾಚೆ ಹೋಗಿ ರಾಕ್ಷಸನ ಜೀವವಿರುವ ಗಿಳಿಯನ್ನು ಹಿಡಿದು ತರುವುದಕ್ಕೂ ಇಷ್ಟು ದಿನ ಹಿಡಿಯುವುದಿಲ್ಲ ಎಂದುಕೊಳ್ಳುತ್ತಾ ಅವಳು ಭಾವನ ವರ್ಕ್‌ಶಾಪಿನ ಷಟರ್ ಎತ್ತಿದಳು.

ಭಾವ ಎಂದಿನಂತೆ ಸ್ಟೂಲಿನ ಮೇಲೆ ಕೂತು ಸಿಲಿಂಡರಿನೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ. ಇಷ್ಟು ದಿನವೂ ಅವನ ಹತ್ತಿರ ಒಂದೊಂದು ನೆಪ ತಯಾರಿತ್ತು. ಒಂದು ದಿನ ಕೊರೆಯುವ ಮೊನೆ ಮೊಂಡಾಗಿತ್ತು, ಇನ್ನೊಂದು ದಿನ ಬೆಳಕು ಸಾಲದು, ಮತ್ತೊಂದು ದಿನ ಲೆಕ್ಕ ಮತ್ತೊಮ್ಮೆ ಹಾಕಬೇಕಿತ್ತು. ಅವಸರ ಮಾಡಿದರೆ, ಇದೇನು ಕುಂಬಳಕಾಯಿಯಾ ಕೊರೆದು ಬಿಸಾಕೋಕೆ ಎಂದು ಅವಳ ಮೇಲೇ ತಿರುಗಿ ಬೀಳುತ್ತಿದ್ದ. ಮನೆಯಲ್ಲಿ ಅಕ್ಕನಿಗೂ ರೋಸಿಹೋಗಿತ್ತು. ಆ ಸಿಲಿಂಡರನ್ನು ಟವೆಲಿನಲ್ಲಿ ಸುತ್ತಿ ಮಂಚದ ಪಕ್ಕ ಇಟ್ಟುಕೊಂಡೇ ಮಲಗುತ್ತಾರೆ, ಅತ್ತರೆ ಎತ್ತಿಕೊಳ್ಳೋಣ ಅಂತಲೋ ಏನೋ, ಎಂದು ಅಕ್ಕ ನಿನ್ನೆ ಫೋನಿನಲ್ಲಿ ಹೇಳಿದ್ದಳು.

ಇವತ್ತಿನ ನೆಪವನ್ನು ಕೇಳುವ ತಾಳ್ಮೆ ತಂಗಿಗೆ ಇರಲಿಲ್ಲ. ಅವನ ಮಡಿಲಿನಿಂದ ಸಿಲಿಂಡರನ್ನು ಎತ್ತಿಕೊಂಡಳು. ಕಿಂಡಿಯ ಮೇಲೆ ನೀಲಿ ಶಾಯಿ ಬಳಿದು ಗೆರೆ ಎಳೆದಿತ್ತು. ಅದರ ಅಡಿಯಲ್ಲಿ ಅಳಿಸಿದ ಗೆರೆ, ಅದರ ಅಡಿಯಲ್ಲಿ ಇನ್ನೊಂದು. ಕಿಂಡಿಯ ಅಂಚು ಮಾತ್ರ ಕಾರ್ಖಾನೆಯಿಂದ ಬಂದ ದಿನದಷ್ಟೇ ನೆಟ್ಟಗಿತ್ತು. ಅಳೆಯುವ ಕಡ್ಡಿ ಇಳಿಸಿ ನೋಡಿದಳು. ಮೇಲಿನಿಂದ ಮೂವತ್ತೇಳು ಮಿಲಿಮೀಟರ್. ಗಾಡಿಯ ಪುಸ್ತಕದಲ್ಲೂ ಮೂವತ್ತೇಳೇ. ಬೆಂಚಿನ ಮೇಲೆ ಹಾಸಿದ್ದ ಕಾಗದದಲ್ಲಿ ಚಿಟಿಕೆ ಕಬ್ಬಿಣದ ಪುಡಿಯೂ ಇರಲಿಲ್ಲ.

"ಭಾವ, ಇದನ್ನ ನೀವು ಮುಟ್ಟೇ ಇಲ್ಲ."

"ಗೆರೆ ಸರಿ ಮಾಡ್ತಿದ್ದೆ."

"ಹನ್ನೊಂದು ದಿನ?"

ಅವನು ಟಾರ್ಚನ್ನು ಆರಿಸಿದ, ಮತ್ತೆ ಹಚ್ಚಿದ. ಆಮೇಲೆ ಟಾರ್ಚಿಗೇ ಹೇಳುವವನಂತೆ ಹೇಳಿದ. ಹೋದ ವರ್ಷ ಇನ್ನಷ್ಟು ಜೋರು ಬರಲಿ ಅಂತ ಆಸೆಬಿದ್ದು ಹಳೆಯ ಸಿಲಿಂಡರಿನಲ್ಲಿ ಇದೇ ಕಿಂಡಿಯನ್ನು ಅಗಲ ಮಾಡಿದ್ದು ತಾನು. ಅಷ್ಟು ಅಗಲಕ್ಕೆ ಪಿಸ್ಟನ್ನಿನ ರಿಂಗ್ ಹೊರಗಿಣುಕಿ ಅಂಚಿಗೆ ಸಿಕ್ಕಿಕೊಂಡಿತು, ಎಂಜಿನ್ ಓಡುತ್ತಿದ್ದ ಹಾಗೇ ಕಚ್ಚಿಕೊಂಡು ನಿಂತುಬಿಟ್ಟಿತು, ಅವಳು ಹಾರಿ ಬಿದ್ದಳು. ಮರಳು ಸಡಿಲವಿತ್ತು ಎಂದು ಮನೆಯವರಿಗೆಲ್ಲ ಹೇಳಿದ್ದೂ ತಾನೇ.

ಮರಳಿನ ಕಥೆಯನ್ನು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಒಡೆದ ರಿಂಗನ್ನು ಅವಳು ಅವತ್ತೇ ನೋಡಿದ್ದಳು. ಆದರೂ ಅವಳಿಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು.

"ಮುರಿದಿದ್ದು ನನ್ನ ಭುಜದ ಮೂಳೆ. ನಿಮ್ಮ ಕೈಗೇನಾಗಿದೆ?"

ಅವನು ಮತ್ತೆ ಟಾರ್ಚ್ ಆರಿಸಿದ. ಸರಿ, ನೀವು ಗೆರೆ ಎಳೀತಾ ಕೂತಿರಿ ಎಂದು ಅವಳು ಸಿಲಿಂಡರನ್ನು ಬೆಂಚಿನ ಇಕ್ಕಳಕ್ಕೆ ಸಿಕ್ಕಿಸಿ, ಕನ್ನಡಕ ಏರಿಸಿ, ಪೆನ್ಸಿಲಿನಷ್ಟು ದಪ್ಪದ ಗ್ರೈಂಡರನ್ನು ಕೈಗೆತ್ತಿಕೊಂಡಳು. ಅವಳು ಗಾಡಿ ಓಡಿಸಿದವಳೇ ಹೊರತು ಕೊರೆದವಳಲ್ಲ. ಮೊನೆ ಕಿರ್ರೆಂದು ಹೊಗೆ ಹೋಗುವ ಕೊಳವೆಯ ಗೋಡೆಗೆ ಬಡಿದು ಕುಪ್ಪಳಿಸಿತು. ಹಿಂದಿನಿಂದ ಭಾವ ಮೊಣಕೈ ಊರು ಎಂದ. ಊರಿದಳು. ಒತ್ತಬೇಡ, ಸವರು ಎಂದ. ಸವರಿದಳು, ಅದು ಮತ್ತೆ ಕುಪ್ಪಳಿಸಿತು. ಅವನು ಸ್ಟೂಲಿನಿಂದ ಎದ್ದ, ಕೂತ, ಎದ್ದ.

"ಅದೇನೇ ಮಾರಾಯ್ತಿ, ಹಲ್ಲುಜ್ಜೋ ಹಾಗೆ ಹಿಡಿದಿದ್ದೀಯ. ಕೊಡು ಇಲ್ಲಿ."

ಕಿತ್ತುಕೊಂಡೇಬಿಟ್ಟ. ಅವಳನ್ನು ಮೊಣಕೈಯಿಂದಲೇ ಆಚೆ ತಳ್ಳಿದ. ಕೆಲಸಕ್ಕೆ ಬಾರದ ಕೈ, ಅವಸರದ ಬುದ್ಧಿ, ಅಕ್ಕನ ಥರವೇ ಎಂದೆಲ್ಲ ಗೊಣಗುತ್ತಾ ಕೊರೆಯತೊಡಗಿದ. ಗೊಣಗಾಟದ ನಡುವೆ ಬೂದು ಪುಡಿ ಸಣ್ಣಗೆ ಕಾಗದದ ಮೇಲೆ ಉದುರಿತು. ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ಅವನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ನೆನಪಾಗಿಬಿಡಬಹುದಿತ್ತು. ಮೂವತ್ತಾರೂವರೆ. ಮೂವತ್ತಾರು ಕಾಲು. ಮೂವತ್ತಾರು. ಅಲ್ಲಿಗೆ ಮೊನೆ ಬದಲಿಸಿ, ರಿಂಗ್ ತಡವರಿಸದೆ ಜಾರಿ ಹೋಗುವಂತೆ ಅಂಚನ್ನೆಲ್ಲ ನಯ ಮಾಡಿದ. ಅದಕ್ಕೇ ಒಂದು ಗಂಟೆ ಹಿಡಿಯಿತು. ಕೊನೆಗೆ ಕಿರುಬೆರಳನ್ನು ಒಳಗಿಳಿಸಿ ಕಣ್ಣುಮುಚ್ಚಿ ಅಂಚಿನ ಸುತ್ತ ಎಳೆದ. ಇನ್ನೊಂದು ಸುತ್ತು ಎಳೆದ. ಮೂರನೆಯದಕ್ಕೆ ಹೊರಟ ಬೆರಳು ಅರ್ಧಕ್ಕೆ ನಿಂತು ಹೊರಗೆ ಬಂತು.

ಒರೆಸಿ ಅವಳ ಕೈಗಿಟ್ಟ. ಸಿಲಿಂಡರ್ ಇನ್ನೂ ಬೆಚ್ಚಗಿತ್ತು.

"ಸರಿಯಾಗಿದೆಯಾ ಭಾವ?"

"ಗೊತ್ತಿಲ್ಲ," ಅಂದ. "ಆದ್ರೆ ಆಯ್ತು."