ಭಾವ ಆರಾಮಾಗಿದ್ದಾರೆ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನಾಳೆಯಿಂದ ನನ್ನ ನಾಲಿಗೆಗೆ ಉಪ್ಪಿನ ರುಚಿ ಹತ್ತದಿರಲಿ. ಕಚೇರಿಯ ಮೇಡಂ ಬರುವ ದಿನ ನಮ್ಮಕ್ಕ ಮನೆಯನ್ನು ಎಷ್ಟು ತಿಕ್ಕಿದ್ದಳೆಂದರೆ, ಗೋಡೆಯ ಮೇಲಿದ್ದ ಹಲ್ಲಿ ಕಾಲು ಜಾರಿ ಬಿದ್ದು, ನಾಚಿಕೆಯಿಂದ ಪಕ್ಕದ ಮನೆಗೆ ಹೊರಟುಹೋಯಿತು. ಭಾವನನ್ನು ಅದಕ್ಕಿಂತ ಹೆಚ್ಚು ತಿಕ್ಕಿದ್ದಳು. ಗಡ್ಡ ಬೋಳಿಸಿ, ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮನುಷ್ಯ ಮದುವೆ ಗಂಡಿನ ಹಾಗೆ ಕಾಣುತ್ತಿದ್ದರು.

"ಅಕ್ಕಾ, ಕಷ್ಟ ಇದೆ ಅಂತ ತೋರಿಸೋಕಲ್ವಾ ಅವರನ್ನ ಕರೆಸಿರೋದು? ಸ್ವಲ್ಪ ಗಲೀಜಾಗೇ ಇರ್ಲಿ ಬಿಡೇ."

"ನಾಲ್ಕು ಜನ ಏನಂದ್ಕೋತಾರೆ?"

"ಬರೋದು ಒಬ್ರೇ."

"ಆ ಒಬ್ರೇ ಏನಂದ್ಕೋತಾರೆ?"

ವಿಷಯ ಇಷ್ಟೇ. ದಿನಾ ಬೆಳಿಗ್ಗೆ ಭಾವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸುವುದಕ್ಕೆ ಸರ್ಕಾರದ ಖರ್ಚಿನಲ್ಲಿ ಒಬ್ಬ ಸಹಾಯಕ ಸಿಗುತ್ತಾನೆ. ಆದರೆ ಕಚೇರಿ ಮೊದಲೇ ಒಪ್ಪಬೇಕು. ಒಪ್ಪಬೇಕಾದರೆ ಮೇಡಂ ಮನೆಗೆ ಬಂದು ಕಣ್ಣಾರೆ ನೋಡಿ ಬರೆದುಕೊಂಡು ಹೋಗಬೇಕು. 'ಅಗತ್ಯವಿಲ್ಲ' ಎಂದು ಬರೆದುಬಿಟ್ಟರೆ ಮತ್ತೆ ಕೇಳುವುದು ಮುಂದಿನ ವರ್ಷವೇ. ಅಕ್ಕನದೋ, ಮುಂದಿನ ವರ್ಷದ ತನಕ ಬಾಳಿಕೆ ಬರುವ ಸೊಂಟವಲ್ಲ. ತುಂಬಿದ ಬಕೆಟ್ಟನ್ನೂ ಎತ್ತಬೇಡಿ ಎಂದಿದ್ದರು ಡಾಕ್ಟರು. ಅವಳು ಬಕೆಟ್ ಎತ್ತುವುದನ್ನು ಬಿಟ್ಟಿದ್ದಳು, ಭಾವನನ್ನು ಎತ್ತುತ್ತಿದ್ದಳು.

ಮೇಡಂ ಬಂದರು, ಭಾವನ ಎದುರಿಗೆ ಕುಳಿತು ಕಾಗದ ತೆಗೆದರು.

"ಯಜಮಾನ್ರೇ, ಬೆಳಿಗ್ಗೆ ನಿಮ್ಮನ್ನ ಯಾರು ಎಬ್ಬಿಸ್ತಾರೆ?"

"ನನ್ನನ್ನ ಎಬ್ಬಿಸೋದಾ? ಕೋಳಿನ ಎಬ್ಬಿಸೋನೇ ನಾನು."

"ಸ್ನಾನ?"

"ದಿನಾ. ತಣ್ಣೀರು."

"ಬಟ್ಟೆ ಹಾಕ್ಕೊಳ್ಳೋದು?"

"ಗುಂಡಿ ಹಾಕೋಕೂ ಸರ್ಕಾರ ಬೇಕಾ ಮೇಡಂ?"

"ಮೆಟ್ಟಿಲು ಹತ್ತಿ ಇಳಿಯೋದು?"

"ಮೊನ್ನೆ ತಾನೆ ಮಹಡಿ ಹತ್ತಿ ನೀರಿನ ಟ್ಯಾಂಕ್ ತೊಳ್ದೆ."

ಸುಳ್ಳನ್ನೇ ಕಸುಬು ಮಾಡಿಕೊಂಡ ನನಗೂ ಹೊಟ್ಟೆಕಿಚ್ಚಾಯಿತು. ಭಾವ ಬಂದರಿನಲ್ಲಿ ಕ್ರೇನ್ ನಡೆಸಿದವರು. ಹಡಗಿನ ಹೊಟ್ಟೆಯಿಂದ ಲಾರಿಗಳನ್ನೆತ್ತಿ ನೆಲಕ್ಕಿಟ್ಟ ಮನುಷ್ಯನಿಗೆ, ತನ್ನನ್ನೇ ಇನ್ನೊಬ್ಬರು ಎತ್ತಿ ಕೂರಿಸುತ್ತಾರೆ ಎಂದು ಹೊರಗಿನವರೆದುರು ಹೇಳಲು ಬಾಯಿ ಬರಲಿಲ್ಲ. ಜಟ್ಟಿ ಬಿದ್ದಾಗಿತ್ತು, ಮೀಸೆಗೆ ಮಣ್ಣು ಹತ್ತಬಾರದು, ಅಷ್ಟೇ. ಮೇಡಂ ಬರೆಯುತ್ತಾ ಹೋದರು. ಬಾಗಿಲ ಬಳಿ ನಿಂತಿದ್ದ ಅಕ್ಕ ನನ್ನ ಕಡೆ ನೋಡಿದಳು.

ನಾನು ಗಂಟಲು ಸರಿಮಾಡಿಕೊಂಡೆ. "ಮೇಡಂ, ಇವರ ಬಲಗೈಯಲ್ಲಿ ಒಂದು ಚಮಚ ನಿಲ್ಲಲ್ಲ. ಎತ್ತೋದು, ತೊಳೆಯೋದು, ತೊಡಿಸೋದು ಎಲ್ಲಾ ನಮ್ಮಕ್ಕನೇ."

"ಇವನು ನನ್ನ ಭಾಮೈದ," ಎಂದರು ಭಾವ, ಹಳೇ ಹಲ್ಲುನೋವನ್ನು ಪರಿಚಯ ಮಾಡಿಕೊಡುವ ಹಾಗೆ. "ನಾನು ಕ್ರೇನಲ್ಲಿ ಏನೆತ್ತಿದ್ದೆ ಅಂತ ಒಂದ್ಸಲ ಇವನನ್ನ ಕೇಳಿ ನೋಡಿ."

ಮೇಡಂ ನನ್ನ ಕಡೆ ತಿರುಗಿದರು.

"ಆನೆ," ಎಂದೆ. ಏನು ಮಾಡಲಿ, ಊರಿಗೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು. "ಸರ್ಕಸ್ಸಿಂದು. ಮಧ್ಯದಲ್ಲೇ ಕರೆಂಟ್ ಹೋಯ್ತು. ಪಾಪ, ಅಲ್ಲೇ ತೂಗಾಡ್ತಾ ಊಟ ಮುಗಿಸಿ, ಒಂದು ನಿದ್ದೆನೂ ತೆಗೀತು."

ಮೇಡಂ, ಮೊದಲು ನಾನು ಚಮಚದ ವಿಷಯ ಹೇಳಿದ್ದನ್ನು ಬರೆದಿದ್ದ ಸಾಲಿನ ಮೇಲೆ ಒಂದು ಗೆರೆ ಎಳೆದರು. ಅಪರೂಪಕ್ಕೆ ನಿಜ ಹೇಳುವವನಿಗೆ ಸಿಗುವ ಮರ್ಯಾದೆ ಇಷ್ಟೇ.

ಭಾವನಿಗೆ ಹುರುಪು ಬಂತು. "ಇನ್ನು ಇವಳ ವಿಷಯ ಕೇಳಿ. ಸೊಂಟ ಅಂತ ಮಲಗಿಬಿಡ್ತಾಳೆ. ಬೆಳಗಿನ ಟೀನೂ ನಾನೇ ಮಾಡಿ, ಇವಳ ಮಂಚದ ಹತ್ರ ತಗೊಂಡ್ಹೋಗಿ, ಏಳಮ್ಮಾ ಅಂತ ಎಬ್ಬಿಸಿ, ಆಮೇಲೆ—"

ಮಾತು ಮುಗಿಯುವ ತನಕ ಅಕ್ಕ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಹೋದಳು. ಬೈಯಲಿಲ್ಲ, ಬಾಗಿಲನ್ನು ಬಡಿಯಲೂ ಇಲ್ಲ. ಅದನ್ನು ಹಾಗೇ ತೆರೆದಿಟ್ಟು ಹೋದಳು.

ಕಿಟಕಿಯಲ್ಲಿ ಅವಳು ಕಾಣುತ್ತಿದ್ದಳು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ರಸ್ತೆ ದಾಟಲು ಕಾಯುತ್ತಾ. ಭಾವ ನನ್ನ ಮುಖ ನೋಡಿದರು. ನಾನು ಫ್ಯಾನಿನ ರೆಕ್ಕೆಗಳನ್ನು ನೋಡತೊಡಗಿದೆ.

"ಮೇಡಂ, ಅವಳನ್ನ ಸ್ವಲ್ಪ ಕರೀತೀರಾ?"

"ನೀವೇ ಹೋಗಿ ಕರೀಬಹುದಲ್ಲಾ ಯಜಮಾನ್ರೇ," ಎಂದರು ಮೇಡಂ. ಅಣಕವಿರಲಿಲ್ಲ ಆ ದನಿಯಲ್ಲಿ. ಅವರ ಪೆನ್ನು ಮಾತ್ರ ನಿಂತಿತ್ತು.

ಅಕ್ಕ ರಸ್ತೆ ದಾಟಿ ಮರೆಯಾದಳು. ಭಾವ ಎಡಗೈಯಿಂದ ಬಲಗೈಯನ್ನೆತ್ತಿ, ಯಾರದೋ ಸಾಮಾನಿನಂತೆ ತೊಡೆಯ ಮೇಲಿಟ್ಟುಕೊಂಡರು.

"ಇನ್ನೊಂದು ಕಾಗದ ತೆಗೀರಿ ಮೇಡಂ," ಎಂದರು, ಕಿಟಕಿಯಿಂದ ಕಣ್ಣು ತೆಗೆಯದೆ. "ಬೇಗ ಬರ್ಕೊಳ್ಳಿ. ಅವಳು ವಾಪಸ್ ಬಂದ್ಬಿಟ್ರೆ ನನ್ನ ಬಾಯಿಂದ ಇದು ಬರಲ್ಲ."