ಎರಡನೇ ಕಾರ್ಡಿನ ಫೀಸು

“ನಮ್ಮ ಮನೇಲಿ ನಾಲ್ಕಕ್ಷರ ಕಲಿತವಳು ಅಂತ ಇರೋದು ನಾನೊಬ್ಬಳೇ. ನಾನು ಯಾವ ಯೂನಿವರ್ಸಿಟಿಗೂ ಸೇರಿಲ್ಲ. ಹಾಗಾದ್ರೆ ಮೂರು ತಿಂಗಳಿಂದ ಕಾರ್ಡಿಂದ ಹೋಗ್ತಿರೋ ಈ ಆನ್‌ಲೈನ್ ಫೀಸು ಯಾರದಮ್ಮಾ?”

ಟೀಚರಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಕಾರ್ಡಿನ ಸ್ಟೇಟ್‌ಮೆಂಟಿನ ಆ ಮೂರು ಸಾಲುಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ದೂರು ಕೊಟ್ಟು ಹತ್ತು ದಿನವಾಗಿತ್ತು. ಯೂನಿವರ್ಸಿಟಿಯ ಉತ್ತರ ಬಂದಿದೆ ಎಂದು ಈಗ ಬ್ಯಾಂಕಿನ ಹುಡುಗಿಯೇ ಫೋನ್ ಮಾಡಿದ್ದಳು.

“ಅವರು ಹಣ ವಾಪಸ್ ಕೊಡೋಕೆ ಒಪ್ತಿಲ್ಲ ಮೇಡಂ. ವಿದ್ಯಾರ್ಥಿ ಒಂದು ದಿನಾನೂ ಕ್ಲಾಸ್ ತಪ್ಪಿಸಿಲ್ಲವಂತೆ. ವಾರಕ್ಕೆ ನಾಲ್ಕು ಸಂಜೆ, ಏಳರಿಂದ ಎಂಟು. ಬಿ.ಎ. ಮೊದಲ ವರ್ಷ. ಹೆಸರು ನಮಗೆ ಹೇಳಲ್ಲ, ಆದ್ರೆ ವಿಳಾಸ ನಿಮ್ಮ ಮನೇದೇ.”

ಟೀಚರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಮನೆಯಲ್ಲಿರುವುದು ಎರಡೇ ಜೀವ. ಏಳರಿಂದ ಎಂಟು ಅವರು ಇದೇ ಮೇಜಿನ ಮುಂದೆ ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿರುತ್ತಾರೆ. ಪಾಲಿಶ್ ವಾಸನೆ ಮನೆಯೆಲ್ಲ ಹರಡಬಾರದೆಂದು ಗಂಡ ಆ ಹೊತ್ತಿಗೆ ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾರೆ. ಕದ್ದ ದುಡ್ಡಿನಲ್ಲಿ ಫೀಸು ಕಟ್ಟಿ, ತಪ್ಪದೆ ಪಾಠ ಕೇಳುವ ಕಳ್ಳನಿದ್ದರೆ ಅವನನ್ನು ತಮ್ಮ ತರಗತಿಯಲ್ಲೇ ಮುಂದಿನ ಬೆಂಚಿಗೆ ಕೂರಿಸಬೇಕು ಎಂದು ಒಂದು ಗಳಿಗೆ ಅನ್ನಿಸಿತು.

“ಹಣ ಹೋಗಿರೋದು ಎರಡನೇ ಕಾರ್ಡಿಂದ ಮೇಡಂ. ಅದು ಯಾರ ಹತ್ರ ಇರುತ್ತೆ?”

“ನಮ್ಮ ಯಜಮಾನರ ಹತ್ರ. ಮರಗೆಲಸ ಮಾಡ್ತಾರೆ. ಮೊಳೆ, ಅಂಟು ತರೋಕೆ ಅಂತ ಕೊಡಿಸಿದ್ದು. ಅಂಗಡೀಲಿ ಯಾರೋ ನಂಬರ್ ಬರ್ಕೊಂಡಿರಬೇಕು.”

“ಅವರೇ ಓದೋಕೆ ಸೇರಿರಬಹುದಾ?”

ಟೀಚರಮ್ಮ ನಕ್ಕೇಬಿಟ್ಟರು. “ಅವರಾ? ಅಕ್ಷರ ಕಂಡ್ರೆ ಮಾರು ದೂರ ಹಾರ್ತಾರೆ! ಬಾಗಿಲು ಅನ್ನೋ ಮೂರಕ್ಷರದಲ್ಲಿ ನಾಲ್ಕು ತಪ್ಪು. ಒಂದ್ಸಲ ಅವರ ಬಿಲ್ಲನ್ನ ಗಿರಾಕಿ ಎದುರಿಗೇ ನಾನು ತಿದ್ದಿ ಕೊಡಬೇಕಾಯ್ತು.”

ಪಕ್ಕದ ಕೋಣೆಯಲ್ಲಿ ಮರ ಹೆರೆಯುವ ಉಜ್ಜುಗೊರಡಿನ ಸದ್ದು ನಿಂತಿತು.

“ಹಾಗಾದ್ರೆ ವಂಚನೆ ಅಂತಲೇ ಹಾಕ್ತೀನಿ. ಹಣ ಬರುತ್ತೆ. ಆ ವಿದ್ಯಾರ್ಥಿ ಹೆಸರು ಇವತ್ತೇ ತೆಗೀತಾರೆ, ನಾಳಿದ್ದಿನ ಪರೀಕ್ಷೆಗೆ ಕೂರೋ ಹಾಗಿಲ್ಲ. ಕಾರ್ಡು ಇಟ್ಕೊಂಡವರೂ ಒಂದು ಮಾತು ಹೇಳಿಬಿಟ್ರೆ ಆಯ್ತು.”

ಗಂಡ ಆಗಲೇ ಬಾಗಿಲಲ್ಲಿ ನಿಂತಿದ್ದರು. “ರೀ, ಬನ್ನಿ ಇಲ್ಲಿ. ನಾನು ಸೇರಿಲ್ಲ ಅಂತ ಹೇಳಿ, ಮುಗೀತು” ಎಂದರು ಟೀಚರಮ್ಮ. ಗಂಡ ಕೈಯ ಮರದ ಪುಡಿಯನ್ನು ಅಂಗಿಗೆ ಒರೆಸಿಕೊಂಡು ಫೋನಿನತ್ತ ಬಗ್ಗಿದರು. ಕಿವಿಗಳು ಕೆಂಪಾಗಿದ್ದವು.

“ನನ್ನ ಹೆಂಡತಿ ಹೇಳಿದ್ದು ಸರಿ. ನಮ್ಮ ಮನೇಲಿ ಓದೋರು ಬೇರೆ ಯಾರೂ ಇಲ್ಲ. ಹೆಸರು ತೆಗೆಸಿಬಿಡಿ.” ಒಂದು ಹೆಜ್ಜೆ ಹೋದವರು ಮತ್ತೆ ತಿರುಗಿದರು. “ಯೂನಿವರ್ಸಿಟಿಯವರು ಕಳಿಸಿದ ಇತಿಹಾಸದ ಪುಸ್ತಕ ವಾಪಸ್ ಮಾಡಬೇಕಾ? ಪೆನ್ಸಿಲಲ್ಲಿ ಅಲ್ಲಲ್ಲಿ ಗೆರೆ ಎಳೆದಿದ್ದೀನಿ. ಅಳಿಸಿ ಕಳಿಸ್ತೀನಿ.”

“ಅದು ನಮಗೆ ಗೊತ್ತಾಗಲ್ಲ ಸರ್” ಎಂದಳು ಹುಡುಗಿ. ಅವರು ತಲೆಯಾಡಿಸಿ ಕೋಣೆಗೆ ಹೋದರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆಯನ್ನು ಟೀಚರಮ್ಮ ತರಗತಿಯಲ್ಲಿ ನೂರು ಸಲ ಹೇಳಿ ಮಕ್ಕಳನ್ನು ನಗಿಸಿದ್ದರು. ಈಗ ಅದು ಅವರದೇ ಕಥೆಯಾಗಿತ್ತು. ಮೂರು ತಿಂಗಳು, ಒಂದು ಗೋಡೆಯ ಆಚೆ, ತನಗೆ ಹೆದರಿ ಕದ್ದು ಓದಿದ್ದಾರೆ! ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

“ಮೇಡಂ, ಇದ್ದೀರಾ? ವಂಚನೆ ಅಂತ ಹಾಕ್ಲಾ?”

“ಬೇಡ, ಬೇಡ. ದೂರು ವಾಪಸ್ ತಗೋತೀನಿ. ಆ ಹೆಸರು ತೆಗೀಬೇಡಿ, ಪರೀಕ್ಷೆ ತಪ್ಪಬಾರದು.”

“ಆಗಲಿ ಮೇಡಂ. ಕಾರಣ ಏನಂತ ಬರೀಲಿ?”

ಇಷ್ಟು ವರ್ಷ ಮಕ್ಕಳಿಂದ ಕಾರಣ ಕೇಳಿಯೇ ಬದುಕಿದವರು ಈಗ ತಾವೇ ಕಾರಣ ಹೇಳಬೇಕಿತ್ತು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

“ಮನೇಲಿ ಯಾರಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ, ಅಂತ ಬರೀರಿ.”