ಹಳದಿ ಹಚ್ಚಿದ ಮಾತು

ಪ್ರೊಫೆಸರ್ ಯೋಡರ್ ಹನ್ನೊಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಹಳದಿ ಪೆನ್ನೊಂದನ್ನು ಕೋರಾಳ ಕಡೆಗೆ ತಳ್ಳಿದರು.

"ಇದರಲ್ಲಿ ನೀನು ಮಾತಾಡಿದ್ದಕ್ಕೆಲ್ಲ ಬಣ್ಣ ಹಚ್ತಾ ಹೋಗು."

ಎಂಜಿನಿಯರಿಂಗ್ ಬಿಟ್ಟುಹೋಗಲು ಹೊರಟಿರುವ ಒಬ್ಬ ವಿದ್ಯಾರ್ಥಿಯನ್ನು ಮಾತಾಡಿಸಿ, ಧ್ವನಿಮುದ್ರಣವನ್ನು ಕೆಮ್ಮು, ನಗು, ಮೌನ ಯಾವುದನ್ನೂ ಬಿಡದೆ ಅಕ್ಷರಕ್ಕಿಳಿಸುವುದು ಯೋಡರ್ ಕಲಿಸುವ ಸಂದರ್ಶನದ ಕೋರ್ಸಿನ ಮುಖ್ಯ ಕೆಲಸ. ವೇಡ್ ಎಂಬ ಹುಡುಗನನ್ನು ಮಾತಾಡಿಸಿ ತಾನು ಬರೆದಿದ್ದ ಆ ಹಾಳೆಗಳಿಗೆ ಕೋರಾ ಹಳದಿ ಹಚ್ಚತೊಡಗಿದಳು. ಎರಡನೆಯ ಹಾಳೆ ಪೂರ್ತಿ ಹಳದಿಯಾಯಿತು. ಮೂರನೆಯದೂ ಆಯಿತು. ಆರನೆಯದರ ಹೊತ್ತಿಗೆ ಪೆನ್ನು ಒಣಗಿ ಕಿರ್ರೆಂದಿತು.

"ಕ್ಲಾಸಲ್ಲಿ ನಿನ್ನ ಬಾಯಿಂದ ಒಂದು ಮಾತು ಹೊರಡಿಸೋಕೆ ನಾನು ಇಡೀ ಗಂಟೆ ಒದ್ದಾಡ್ತೀನಿ. ಇಲ್ಲಿ ನೋಡಿದ್ರೆ ಪಾಪ, ಆ ವೇಡ್‌ಗೆ ಉಸಿರಾಡೋಕೂ ಬಿಟ್ಟಿಲ್ಲವಲ್ಲೇ ತಾಯಿ!"

"ಸೇತುವೆ ಲೆಕ್ಕ ಅರ್ಥ ಆಗಲ್ಲ ಅಂದ, ಪ್ರೊಫೆಸರ್. ನನಗೆ ಅದು ಗೊತ್ತಿತ್ತು. ಹೇಳ್ಕೊಟ್ಟುಬಿಟ್ಟೆ."

"ಯಾಕೆ ಬಿಡ್ತಿದ್ದೀಯಾ ಅಂತ ಕೇಳೋಕೆ ಹೋದವಳು ಪಾಠ ಮಾಡಿ ಬಂದೆ. ನೀವು ಎಂಜಿನಿಯರುಗಳೆಲ್ಲ ಇಷ್ಟೇ. ಮುರಿದದ್ದು ಕಂಡ್ರೆ ಕೈ ಸುಮ್ಮನಿರಲ್ಲ." ಯೋಡರ್ ಹಾಳೆಗಳನ್ನು ಜೋಡಿಸಿದರು. "ಇದಕ್ಕೆ ನಾನು ಪಾಸ್ ಕೊಡಲಾರೆ. ಈ ಕೋರ್ಸ್ ಹೋದ್ರೆ ನಿನ್ನ ಡಾಕ್ಟರೇಟೂ ಹೋದ ಹಾಗೇ, ಗೊತ್ತಲ್ಲ? ಸೋಮವಾರದೊಳಗೆ ಅವನನ್ನ ಇನ್ನೊಂದು ಸಲ ಮಾತಾಡಿಸ್ಕೊಂಡು ಬಾ. ಮಾತಾಡಿಸು ಅಂದೆ, ನೀನು ಮಾತಾಡು ಅನ್ನಲಿಲ್ಲ."

ಕೋರಾ ಎದ್ದಾಗ ಅವರು ಪೆಪ್ಪರ್‌ಮಿಂಟಿನ ಗಾಜಿನ ಬಟ್ಟಲನ್ನು ಮುಂದೆ ಹಿಡಿದರು.

"ಬಂದವರಿಗೆ ಅಂತ ಇಟ್ಟಿರೋದಲ್ಲ ಇದು, ನನಗೇ. ಬಾಯಲ್ಲಿದ್ದಷ್ಟು ಹೊತ್ತು ಮಾತು ಬರಲ್ಲ. ಎರಡು ತಗೋ."

ಎಂಜಿನಿಯರಿಂಗನ್ನು ಹೇಗೆ ಕಲಿಸಬೇಕೆಂದು ಕಲಿಯಲು ಕೋರಾ ಸೇತುವೆ ಕಂಪನಿಯ ಕೆಲಸ ಬಿಟ್ಟು ಇಂಡಿಯಾನಾಕ್ಕೆ ಬಂದಿದ್ದಳು. ಹಿಂದಿರುಗುವ ಯೋಚನೆ ಅವಳಿಗಿರಲಿಲ್ಲ. ಓಹಾಯೋದಲ್ಲಿದ್ದ ಅಮ್ಮನಿಗೆ ಮೂರು ದಿನ ಫೋನ್ ಮಾಡಿ, ಅಮ್ಮ ಒಂದು ಮಾತು ಮುಗಿಸಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುವ ಅಭ್ಯಾಸ ಮಾಡಿದಳು. "ಹಲೋ? ಕೋರಾ? ಹೋಯ್ತಾ ಲೈನು? ಈ ಫೋನಿಗಿಷ್ಟು ಬೆಂಕಿ ಹಾಕ!" ಎಂದು ಮೊದಲ ದಿನ ಎಣಿಕೆ ಏಳಕ್ಕೆ ಬರುವಷ್ಟರಲ್ಲೇ ಅಮ್ಮ ಫೋನ್ ಇಟ್ಟುಬಿಟ್ಟಳು. ಮೂರನೆಯ ದಿನ ಕೋರಾ ಇಪ್ಪತ್ತು ಮುಟ್ಟಿದಳು.

ಶುಕ್ರವಾರ ಮಧ್ಯಾಹ್ನ ವೇಡ್ ಗ್ರಂಥಾಲಯದ ಚಿಕ್ಕ ಕೋಣೆಗೆ ಬಂದ. ತಲೆಯ ಮೇಲೆ ಬಿತ್ತನೆ ಬೀಜದ ಕಂಪನಿಯ ಟೋಪಿ, ಅಂಗಿಯ ಜೇಬಿನಲ್ಲಿ ಕಾಲೇಜು ಬಿಡುವ ಫಾರಂ.

"ಮತ್ತೆ ಪಾಠ ಅಲ್ಲ ತಾನೇ?"

ಕೋರಾ ಅಲ್ಲವೆಂದು ತಲೆಯಾಡಿಸಿ ಮುದ್ರಣದ ಗುಂಡಿ ಒತ್ತಿದಳು. "ಬಿಡಬೇಕು ಅಂತ ಯಾವಾಗ ಅನ್ನಿಸ್ತು?" ಅಷ್ಟು ಕೇಳಿ ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡಳು.

"ಒಬ್ಬರೇ ತಿಂತೀರಾ? ನನಗಿಲ್ವಾ?"

ಇನ್ನೊಂದನ್ನು ಅವನಿಗೆ ಕೊಟ್ಟಳು. ಇಬ್ಬರೂ ಎದುರುಬದುರು ಕೂತು ಚೀಪಿದರು. ಒಂದು ನಿಮಿಷ ಹಾಗೇ ಕಳೆಯಿತು. ವೇಡ್‌ಗೆ ನಗು ಬಂತು. ಪೆಪ್ಪರ್‌ಮಿಂಟನ್ನು ಕೆನ್ನೆಗೆ ಒತ್ತರಿಸಿಕೊಂಡು ಹೇಳಿದ:

"ನಿಜ ಹೇಳ್ಲಾ? ಹೋದ ವಾರ. ನಿಮ್ಮಿಂದಲೇ."

ಕೋರಾಳ ಕಿವಿ ಬಿಸಿಯಾಯಿತು.

"ಅಲ್ಲೀವರೆಗೆ ಫಾರಂ ತಂದಿಟ್ಕೊಂಡಿದ್ದೆ ಅಷ್ಟೆ, ಸಹಿ ಹಾಕಿರಲಿಲ್ಲ. ಎರಡು ಸಲ ಫೇಲಾದ್ರೂ, ಅರ್ಥ ಆದ ದಿನ ಇಷ್ಟಾನೂ ಆಗುತ್ತೆ ಅಂದ್ಕೊಂಡಿದ್ದೆ. ನೀವು ಅರ್ಥ ಮಾಡಿಸಿದ್ರಿ. ಅವತ್ತೇ ರೂಮಿಗೆ ಹೋಗಿ ಉಳಿದ ಆರು ಲೆಕ್ಕಾನೂ ಮಾಡಿದೆ. ಆರೂ ಸರಿ ಬಂತು." ಫಾರಂ ತೆಗೆದು ಮೇಜಿನ ಮೇಲಿಟ್ಟ. "ಏನೂ ಅನ್ನಿಸ್ಲಿಲ್ಲ. ಒಂಚೂರೂ. ಆಗ ಸಹಿ ಹಾಕಿದೆ."

ಆರೂ ಸರಿ ಬಂತಲ್ಲೋ, ಇನ್ನೇನು ಬೇಕು ನಿನಗೆ! ಮಾತು ಕೋರಾಳ ಗಂಟಲಿನವರೆಗೆ ಬಂದುಬಿಟ್ಟಿತು. ಅವಳು ಹಲ್ಲು ಕಚ್ಚಿದಳು. ಪೆಪ್ಪರ್‌ಮಿಂಟು ಟಕ್ಕೆಂದು ಎರಡು ಹೋಳಾಯಿತು. ವೇಡ್ ತಲೆಯೆತ್ತಿದ. ಅವಳು ಅವನ ಮುಖವನ್ನೇ ನೋಡುತ್ತ ಎಣಿಸತೊಡಗಿದಳು. ಒಂದು, ಎರಡು, ಮೂರು.

ಹದಿನಾಲ್ಕಕ್ಕೆ ಅವನು ಬಾಯಿ ಬಿಟ್ಟ.

"ಇದನ್ನ ಇನ್ನೂ ಯಾರಿಗೂ ಹೇಳಿಲ್ಲ. ಅಪ್ಪನಿಗೆ ಹೇಳಿದ್ರೆ, 'ಆರೂ ಸರಿ ಬಂತಲ್ಲೋ, ಇನ್ನೇನು ಬೇಕು ನಿನಗೆ' ಅಂತಾರೆ. ಎಲ್ರೂ ಅದನ್ನೇ ಅನ್ನೋದು."

ಆಮೇಲೆ ಅವನು ನಲವತ್ತು ನಿಮಿಷ ನಿಲ್ಲಿಸಲಿಲ್ಲ.

ಸೋಮವಾರ ಬೆಳಿಗ್ಗೆ ಯೋಡರ್ ಹೊಸ ಪೆನ್ನನ್ನು ಮೇಜಿನ ಮೇಲಿಟ್ಟರು. ಕೋರಾ ಮೊದಲ ಹಾಳೆಯಲ್ಲಿ ತನ್ನ ಒಂದು ಪ್ರಶ್ನೆಗೆ ಹಳದಿ ಹಚ್ಚಿದಳು. ಬೆಳ್ಳಗೇ ಉಳಿದ ಮಿಕ್ಕ ಹಾಳೆಗಳನ್ನು ಯೋಡರ್ ಮಗುಚುತ್ತ ಓದತೊಡಗಿದರು. ಎರಡನೆಯದರ ಅರ್ಧದಲ್ಲಿ ಅವರ ಬೆರಳು ನಿಂತಿತು.

"'ಟಕ್ಕೆಂಬ ಸದ್ದು' ಅಂತ ಬರೆದಿದ್ದೀಯಲ್ಲ, ಏನದು? ಮೇಜಿಗೆ ಏನಾದ್ರೂ ಬಡೀತಾ?"

ಕೋರಾ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಆ ಎರಡು ಪದಗಳ ಮೇಲೂ ನಿಧಾನವಾಗಿ ಹಳದಿ ಎಳೆದು, ಪೆನ್ನಿಗೆ ಮುಚ್ಚಳ ಹಾಕಿದಳು.